ಅಟ್ಟದ ಮೇಲಿನ ಹಳೆಯ ಟಿ.ವಿ. ಎಲ್ಲಿಗೆ ಹೋಗಬೇಕು?

ಜಾವಗಲ್ಲಿನಂತಹ ಊರುಗಳಲ್ಲಿ ಕೆಟ್ಟ ಟಿ.ವಿ., ಮಿಕ್ಸಿ, ಮೊಬೈಲುಗಳನ್ನು ಕೇಳಿಕೊಂಡು ಬಾಗಿಲಿಗೆ ಬರುವವರು ಗುಜರಿಯವರೇ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ; ನೋಂದಾಯಿತ ಘಟಕಗಳ ಮೂಲಕವೇ ಅವರು ಅದನ್ನು ಪೂರೈಸಬೇಕು. ಹಳೆಯ ಟಿ.ವಿ.ಯ ಗಾಜಿನಲ್ಲಿ ಸೀಸವಿದೆ, ಟ್ಯೂಬ್‌ಲೈಟಿನಲ್ಲಿ ಪಾದರಸವಿದೆ. ತಾಮ್ರಕ್ಕಾಗಿ ವೈರು ಸುಟ್ಟರೆ ಏಳುವ ವಿಷದ ಹೊಗೆಯನ್ನು ಮೊದಲು ಉಸಿರಾಡುವವರು ಸುಡುವವರು ಮತ್ತು ಅವರ ಮಕ್ಕಳು. ಆ ಕಾಯಕಜೀವಿಗಳನ್ನು ದೂಷಿಸುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಮನೆಮನೆಯಿಂದ ಸಂಗ್ರಹಿಸುವುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಬೇರಾರು?

ದೂರವೂ ಇಲ್ಲಿ ನಿಜವಾದ ತೊಡಕಲ್ಲ. ಅರಸೀಕೆರೆಯಿಂದ ತುಮಕೂರಿನ ಮೇಲೆ ಬೆಂಗಳೂರಿಗೆ ಹೋಗುವ ದಾರಿಯಲ್ಲಿಯೇ, ದಾಬಸ್‌ಪೇಟೆಯಲ್ಲಿ, ಇ-ಪರಿಸರ ಎಂಬ ಮರುಬಳಕೆ ಘಟಕ 2005ರಲ್ಲಿಯೇ ಆರಂಭವಾಯಿತು. ಆದರೆ ಒಂದು ಮನೆಯ ಮಿಕ್ಸಿಗಾಗಿ ಯಾವ ಲಾರಿಯೂ ಬಾರದು. ಗ್ರಾಮ ಪಂಚಾಯಿತಿಗಳು ಗುಜರಿಯವರನ್ನೇ ಜೊತೆಗೂಡಿಸಿಕೊಂಡು, ಬಿಚ್ಚದೆ, ಸುಡದೆ ಒಂದೆಡೆ ಕೂಡಿಟ್ಟು, ನೋಂದಾಯಿತ ಘಟಕಕ್ಕೆ ಮಾರಿ, ಬಂದ ಹಣವನ್ನು ಅವರಿಗೇ ಸಲ್ಲಿಸಬೇಕು.

ಅಲ್ಲಿಯವರೆಗೆ ಸದ್ಭಕ್ತರಲ್ಲಿ ವಿನಂತಿ: ಸೆಲ್ಲು, ಬಲ್ಬುಗಳನ್ನು ತಿಪ್ಪೆಗೆ ಎಸೆಯದಿರಿ, ಆ ಗೊಬ್ಬರ ತೆಂಗಿನ ಪಾತಿಗೇ ಹೋಗುತ್ತದೆ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚದೆ, ಒಲೆಯಿಂದ ದೂರವಿರಿಸಿ.