ಷಾರ್ಜಾದ ಮರಳು, ಬಳ್ಳಾರಿಯ ಬಯಲು

ಷಾರ್ಜಾದ ಹಳೆಯ ವಿಮಾನ ನಿಲ್ದಾಣದ ಫೋಟೊಗಳನ್ನು ಈ ಸಂಚಿಕೆಗೆಂದು ಮೇಜಿನ ಮೇಲೆ ಹರಡಿಕೊಂಡಾಗ ಮೊದಲು ಕಣ್ಣಿಗೆ ಬಿದ್ದದ್ದು ವಿಮಾನವೇ. ಬೀಳದೆ ಇನ್ನೇನು? ಒಂದರ ಮೇಲೊಂದು ರೆಕ್ಕೆ, ನಾಲ್ಕು ಎಂಜಿನ್, ರೆಕ್ಕೆಯ ಈ ತುದಿಯಿಂದ ಆ ತುದಿಗೆ 130 ಅಡಿ. ಇಂಪೀರಿಯಲ್ ಏರ್‌ವೇಸ್‌ನವರ ಎಚ್.ಪಿ.42 ಅದು. ಗಂಟೆಗೆ ನೂರು ಮೈಲಿಯ ಆಸುಪಾಸಿನಲ್ಲಿ ಸಾಗುತ್ತಿದ್ದ ಈ ದೈತ್ಯನಿಗೆ ಕೈರೊದಿಂದ ಕರಾಚಿ ಮುಟ್ಟಲು ದಿನಗಳೇ ಬೇಕಾಗುತ್ತಿದ್ದವು. ರಾತ್ರಿ ಎಲ್ಲಾದರೂ ತಂಗಲೇಬೇಕು. ಹಾಗೆ ತಂಗಲು ಮರಳಿನ ನಡುವೆ ಎದ್ದದ್ದು ಮಹತ್ತಾ ಕೋಟೆ. ‘ಮಹತ್ತಾ’ ಎಂದರೆ ಅರಬ್ಬಿಯಲ್ಲಿ ನಿಲ್ದಾಣ, ಅಷ್ಟೆ. ಆದರೆ ಅದಕ್ಕೆ ಬುರುಜು, ಬಂದೂಕು ಹಿಡಿದ ಕಾವಲು ಎಲ್ಲವೂ ಇತ್ತು.

ವಿಮಾನ ಈ ಊರಿಗೇ ಏಕೆ ಬಂತು ಎಂಬುದನ್ನು ಯಾವ ಫೋಟೊವೂ ಹೇಳುವುದಿಲ್ಲ. ಮೊದಲು ಈ ದಾರಿ ಕೊಲ್ಲಿಯ ಆಚೆ ದಡದಲ್ಲಿ, ಪರ್ಷಿಯಾದ ಕರಾವಳಿಗುಂಟ ಇತ್ತು. 1932ರಲ್ಲಿ ಆ ಸರ್ಕಾರ ಅನುಮತಿಯನ್ನು ಮುಂದುವರಿಸಲಿಲ್ಲ. ಬ್ರಿಟಿಷರು ಈಚೆ ದಡದಲ್ಲಿ ಜಾಗ ಹುಡುಕಿದರು. ಷಾರ್ಜಾದ ಶೇಖ್ ಸುಲ್ತಾನ್ ಬಿನ್ ಸಕ್ರ್ ಒಪ್ಪಿದರು: ವಿಮಾನ ಇಳಿಯಲು ತಿಂಗಳಿಗೆ 800 ರೂಪಾಯಿ, ಶೇಖರಿಗೆ ಪ್ರತ್ಯೇಕವಾಗಿ 500. ಹೌದು, ರೂಪಾಯಿಯೇ. ಆಗ ಆ ಕರಾವಳಿಯ ಸಂತೆಯಲ್ಲೆಲ್ಲ ಓಡಾಡುತ್ತಿದ್ದುದು ನಮ್ಮ ನಾಣ್ಯ. ಕೆಲವು ವರ್ಷ ಮುಂಚೆಯಾಗಿದ್ದರೆ ಈ ಬಾಡಿಗೆಗೆ ಯಾರೂ ಅಷ್ಟು ಬೆಲೆ ಕೊಡುತ್ತಿರಲಿಲ್ಲವೇನೋ. ಮುತ್ತು ತೆಗೆದೇ ಬದುಕುತ್ತಿದ್ದ ಊರದು. ಜಪಾನಿನವರು ಮುತ್ತನ್ನು ‘ಬೆಳೆಯಲು’ ಕಲಿತರು, ಅದರ ಬೆನ್ನಿಗೇ ಜಗತ್ತಿನ ಪೇಟೆ ಕುಸಿಯಿತು. ಮುಳುಗಿ ಮುತ್ತು ತರುವವರಿಗೆ ಕೆಲಸವಿಲ್ಲದಾಯಿತು. ಫೋಟೊದಲ್ಲಿ ವಿಮಾನ ಹೊಳೆಯುತ್ತಿದೆ. ದಡದಲ್ಲಿ ಸುಮ್ಮನೆ ಬಿದ್ದಿದ್ದ ದೋಣಿಗಳು ಚೌಕಟ್ಟಿನ ಹೊರಗೆ ಉಳಿದಿವೆ.

ಎಚ್.ಪಿ.42ರ ಜಾತಿಯಲ್ಲಿ ಕಟ್ಟಿದ್ದು ಎಂಟೇ ವಿಮಾನ. ಹ್ಯಾನಿಬಲ್, ಹ್ಯಾನೊ ಎಂದೆಲ್ಲ ಒಂದೊಂದಕ್ಕೂ ಒಂದು ಹೆಸರು. ಇಂದು ಒಂದೂ ಉಳಿದಿಲ್ಲ. 1940ರ ಮಾರ್ಚ್ 1ರಂದು ಜಿವಾನಿಯಿಂದ ಷಾರ್ಜಾಕ್ಕೆ ಹೊರಟ ಹ್ಯಾನಿಬಲ್ ಓಮನ್ ಕೊಲ್ಲಿಯ ಮೇಲೆ ಕಾಣೆಯಾಯಿತು. ಅದರಲ್ಲಿದ್ದ ಎಂಟು ಜನರಲ್ಲಿ ಮದರಾಸಿನ ಜಸ್ಟಿಸ್ ಪಕ್ಷದ ಸರ್ ಎ.ಟಿ. ಪನ್ನೀರ್‌ಸೆಲ್ವಂ ಕೂಡ ಇದ್ದರು. ಕೋಟೆ ಮಾತ್ರ ಈಗ ವಸ್ತುಸಂಗ್ರಹಾಲಯ. ವಿಮಾನ ಓಡಿದ ಪಟ್ಟಿ ಊರ ನಡುವಿನ ರಸ್ತೆಯಾಗಿದೆ. ಷಾರ್ಜಾದಲ್ಲಿರುವ ಎಷ್ಟೋ ಕನ್ನಡಿಗರು ಸಂಜೆ ತರಕಾರಿ ತರಲು ಹೋಗುವ ದಾರಿ ಅದೇ ಇರಬಹುದು.

ಇನ್ನು ನಮ್ಮ ಕಡೆಯ ಮಾತು. ಷಾರ್ಜಾದಲ್ಲಿ ಮೊದಲ ವಿಮಾನ ಇಳಿದದ್ದು 1932ರ ಅಕ್ಟೋಬರ್ 5ರಂದು. ಹತ್ತು ದಿನಕ್ಕೆ, 15ರಂದು, ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಅಹಮದಾಬಾದಿನ ಮೇಲೆ ಮುಂಬಯಿಗೆ ಬಂದರು. ಅಲ್ಲಿಂದ ಟಪಾಲನ್ನು ನೆವಿಲ್ ವಿನ್ಸೆಂಟ್ ಮದರಾಸಿಗೆ ಒಯ್ದರು, ಬಳ್ಳಾರಿಯಲ್ಲಿ ಇಳಿದು. ಲಂಡನ್ನಿನ ಕಾಗದ ಷಾರ್ಜಾದ ಮರಳು ದಾಟಿ ಬಳ್ಳಾರಿಯ ಬಯಲಿಗೆ ಬರುವ ಕಾಲ ಹಾಗೆ ಶುರುವಾಯಿತು. ಷಾರ್ಜಾ ನಿಲ್ದಾಣದ ಮೇಲೆ 1937ರಲ್ಲೇ ‘ಏರ್ ಔಟ್‌ಪೋಸ್ಟ್’ ಎಂಬ ಚಲನಚಿತ್ರ ಬಂತು. ಬಳ್ಳಾರಿಗೆ ಯಾರು ಕ್ಯಾಮೆರಾ ತಂದಿದ್ದರು?

ಆದ್ದರಿಂದ ಒಂದು ಕೋರಿಕೆ. ಬಳ್ಳಾರಿ ಸೀಮೆಯ ಯಾವುದಾದರೂ ಮನೆಯ ಟ್ರಂಕಿನಲ್ಲಿ ಆ ಕಾಲದ ವಿಮಾನದ ಫೋಟೊ ಇದ್ದರೆ, ಮಸುಕಾಗಿದ್ದರೂ ಸರಿ, ಪ್ರತಿ ತೆಗೆದು ನಮಗೆ ಕಳಿಸಿ. ವಿಮಾನ ಅರ್ಧ ಕಾಣಿಸಿದರೂ ಅಡ್ಡಿಯಿಲ್ಲ. ಪಕ್ಕದಲ್ಲಿ ನಿಂತವರನ್ನು ಮಾತ್ರ ಕತ್ತರಿಸಬೇಡಿ. ಅವರು ಯಾರ ಅಜ್ಜ, ಯಾವ ಓಣಿಯವರು ಎಂಬುದು ಗೊತ್ತಿದ್ದರೆ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ.