ಹೆದರಿಕೆ ಕಳೆದುಕೊಂಡ ಹಾಸ್ಯ

ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘1941’ ಯಾಕೆ ಕೆಟ್ಟಿತು ಎಂದು ಕೇಳಿದರೆ ಸಿನಿಮಾ ಬಲ್ಲವರು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ಗದ್ದಲ ಜಾಸ್ತಿಯಾಯಿತು, ದುಡ್ಡು ಜಾಸ್ತಿಯಾಯಿತು, ನಟರು ಜಾಸ್ತಿಯಾದರು. (1979ರ ಈ ಚಿತ್ರ ಹಾಕಿದ ಹಣವನ್ನು ವಾಪಸ್ ತಂದಿತು. ಇಲ್ಲಿರುವುದು ಗಲ್ಲಾಪೆಟ್ಟಿಗೆಯ ಮಾತಲ್ಲ.) ಅವರ ಮೇಲಿನ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಆ ಉತ್ತರ ನನಗೆ ಸಾಲದು.

ಈ ಹಾಸ್ಯಚಿತ್ರದ ಕೈಗೆ ಸಿಕ್ಕಿದ್ದ ವಸ್ತು ಎಂಥದ್ದು ನೋಡಿ. ಪರ್ಲ್ ಹಾರ್ಬರ್ ದಾಳಿಯ ನಂತರ ಕ್ಯಾಲಿಫೋರ್ನಿಯಾದ ಕರಾವಳಿ ಜಪಾನೀಯರು ಇವತ್ತು ಬಂದಾರು, ನಾಳೆ ಬಂದಾರು ಎಂದು ನಡುಗುತ್ತಿತ್ತು. 1942ರ ಫೆಬ್ರುವರಿ 23ರಂದು ಜಪಾನಿನ ಜಲಾಂತರ್ಗಾಮಿಯೊಂದು ಸಾಂಟಾ ಬಾರ್ಬರಾ ಬಳಿಯ ಎಲ್‌ವುಡ್ ತೈಲಕ್ಷೇತ್ರದ ಮೇಲೆ ಗುಂಡು ಹಾರಿಸಿತು. ಮರುದಿನ ರಾತ್ರಿ ಲಾಸ್ ಏಂಜಲೀಸ್‌ನಲ್ಲಿ ಸೈರನ್ ಕೂಗಿತು, ದೀಪಗಳು ಆರಿದವು, ಫಿರಂಗಿಗಳು ಬೆಳಗಿನ ಜಾವದವರೆಗೆ ಬರಿಯ ಆಕಾಶಕ್ಕೆ 1,400ಕ್ಕೂ ಹೆಚ್ಚು ಶೆಲ್ ಸಿಡಿಸಿದವು. ಮೇಲಿಂದ ಒಂದು ಬಾಂಬೂ ಬೀಳಲಿಲ್ಲ. ಕೆಳಗೆ ಮಾತ್ರ ಕತ್ತಲಿನ ಗಲಿಬಿಲಿಯಲ್ಲಿ ವಾಹನ ಅಪಘಾತ, ಹೃದಯಾಘಾತಗಳಾಗಿ ಜನ ಸತ್ತರು. ಅದೇ ತಿಂಗಳ 19ರಂದು ರೂಸ್‌ವೆಲ್ಟ್ ಸಹಿ ಹಾಕಿದ ಆದೇಶದಿಂದ ಸುಮಾರು 1,20,000 ಜಪಾನಿ ಮೂಲದವರು ಮನೆ, ಅಂಗಡಿ, ಹೊಲ ಬಿಟ್ಟು ಶಿಬಿರ ಸೇರಬೇಕಾಯಿತು. ಆ ಹೆದರಿಕೆಗೆ ಅಷ್ಟು ಬಲವಿತ್ತು.

ಚಿತ್ರದಲ್ಲಿ ಇಲ್ಲದಿರುವುದು ಆ ಹೆದರಿಕೆಯೇ. ಜಾನ್ ಬೆಲೂಶಿಯ ಪೈಲಟ್ ಪಾತ್ರ ತೆರೆಗೆ ಬರುವಾಗಲೇ ತಲೆಕೆಟ್ಟಿರುತ್ತದೆ. ಉಳಿದವರಿಗೂ ಹೊಡೆದಾಡಲು ಒಂದು ನೆಪ ಸಾಕು, ಯುದ್ಧವೇ ಬೇಕೆಂದಿಲ್ಲ. ಒಳ್ಳೆಯ ಮನುಷ್ಯ ಭಯಬಿದ್ದು ಹಂತಹಂತವಾಗಿ ವಿವೇಕ ಕಳೆದುಕೊಳ್ಳುವುದನ್ನು ನೋಡಿದರೆ ನಗು ಬರುತ್ತದೆ, ನಾವೂ ಹಾಗೇ ಆಡುತ್ತಿದ್ದೆವು ಅನ್ನಿಸುತ್ತದೆ. ಕಳೆದುಕೊಳ್ಳಲು ವಿವೇಕವೇ ಇಲ್ಲದವರಿಂದ ಎಂಥ ಪ್ರತಿಭಾವಂತ ನಟನೂ ಆ ನಗು ಹುಟ್ಟಿಸಲಾರ.

ನನಗೆ ತೀರಾ ಸಂಕಟವಾಗುವುದು ತೋಷಿರೋ ಮಿಫುನೆ ವಿಷಯದಲ್ಲಿ. ಕುರೊಸಾವಾ ಚಿತ್ರಗಳಲ್ಲಿ ಬೆಳೆದ ಆ ನಟನಿಗೆ ಜಲಾಂತರ್ಗಾಮಿಯ ಕಮಾಂಡರ್ ಪಾತ್ರ. ಜೊತೆಗೆ ಜರ್ಮನ್ ಅಧಿಕಾರಿಯಾಗಿ ಕ್ರಿಸ್ಟೋಫರ್ ಲೀ. ಒಬ್ಬ ಜಪಾನಿ, ಇನ್ನೊಬ್ಬ ಜರ್ಮನ್ ಮಾತಾಡುತ್ತಾ ಒಬ್ಬರನ್ನೊಬ್ಬರು ಅರ್ಥಮಾಡಿಕೊಳ್ಳುತ್ತಾರೆ. ಎಷ್ಟು ಚೆಂದದ ಕಲ್ಪನೆ! ದಿಕ್ಸೂಚಿ ಕೆಟ್ಟು ಪರಸಮುದ್ರದಲ್ಲಿ ಸಿಕ್ಕಿಕೊಂಡ ಕಮಾಂಡರ್‌ಗೂ ಭಯವಿರಬೇಕಲ್ಲವೇ? ಮಿಫುನೆಗೆ ಅದನ್ನು ಕಣ್ಣಂಚಿನಲ್ಲೇ ತೋರಿಸುವ ಶಕ್ತಿಯಿತ್ತು. ಚಿತ್ರ ಅವರಿಗೆ ಕೊಟ್ಟ ಕೆಲಸ ಬೇರೆ: ಆಟಿಕೆ ದಿಕ್ಸೂಚಿ ನುಂಗಿದ ಸೆರೆಯಾಳಿಗೆ ಹಣ್ಣಿನ ರಸ ಕುಡಿಸಿ, ಅದು ಹೊರಬರಲೆಂದು ಶೌಚಾಲಯದ ಬಾಗಿಲಲ್ಲಿ ಕಾಯುವುದು.

ಗದ್ದಲವೇ ತಪ್ಪು ಅನ್ನುವವರು ನೆಡ್ ಬೀಟಿಯ ಭಾಗವನ್ನು ಇನ್ನೊಮ್ಮೆ ನೋಡಬೇಕು. ಗೃಹಸ್ಥನ ಪಾತ್ರದ ಅವರ ಮನೆಯಂಗಳದಲ್ಲಿ ಸೇನೆ ಫಿರಂಗಿ ತಂದು ನಿಲ್ಲಿಸುತ್ತದೆ. ಇದನ್ನು ಮುಟ್ಟಲೇಬಾರದು ಎಂದು ಸಾರ್ಜೆಂಟ್ ಆದ ಡ್ಯಾನ್ ಆಕ್ರಾಯ್ಡ್ ಏನೇನು ಮಾಡಬಾರದೆಂದು ಬಿಡಿಬಿಡಿಸಿ ಹೇಳುವಾಗ, ಗುಂಡು ಹಾರಿಸುವುದು ಹೇಗೆಂಬ ಪಾಠ ಪೂರ್ತಿ ಆಗಿಬಿಡುತ್ತದೆ. ಮುಂದೆ ಆ ಗೃಹಸ್ಥ ಊರು ಉಳಿಸಲು ಹೋಗಿ ಸ್ವಂತ ಮನೆಯನ್ನೇ ಒಡೆಯುತ್ತಾನೆ. ಇಡೀ ಚಿತ್ರದಲ್ಲೇ ದೊಡ್ಡ ಸದ್ದು ಇಲ್ಲಿದೆ, ಆದರೂ ನಗು ಬರುತ್ತದೆ. ಆತನಿಗೊಂದು ಮನೆಯಿದೆ, ಸಂಸಾರವಿದೆ, ನಿಜವಾದ ಆತಂಕವಿದೆ.

ಇದೇ ವಸ್ತು 13 ವರ್ಷ ಮೊದಲೇ ಗೆದ್ದಿತ್ತು. ನಾರ್ಮನ್ ಜ್ಯೂಯಿಸನ್ 1966ರಲ್ಲಿ ಮಾಡಿದ ‘ದಿ ರಷ್ಯನ್ಸ್ ಆರ್ ಕಮಿಂಗ್, ದಿ ರಷ್ಯನ್ಸ್ ಆರ್ ಕಮಿಂಗ್’ ಚಿತ್ರದಲ್ಲಿ ಸೋವಿಯತ್ ಜಲಾಂತರ್ಗಾಮಿ ಅಮೆರಿಕದ ಪುಟ್ಟ ದ್ವೀಪದ ಬಳಿ ಮರಳಲ್ಲಿ ಹೂತುಕೊಳ್ಳುತ್ತದೆ. ಅಲ್ಲೂ ಊರಿಗೆ ಊರೇ ಬಂದೂಕು ಹಿಡಿದು ಓಡುತ್ತದೆ, ಅಲ್ಲೂ ಕೂಗಾಟ. ಆದರೆ ಅಲನ್ ಆರ್ಕಿನ್ ಮಾಡಿದ ಸೋವಿಯತ್ ಅಧಿಕಾರಿಗೆ ಊರಿನವರ ಭಯ, ಊರಿನವರಿಗೆ ಅವನ ಭಯ. ಆರ್ಕಿನ್‌ಗೆ ಆಸ್ಕರ್ ನಾಮನಿರ್ದೇಶನ ತಂದ ಪಾತ್ರ ಅದು.

118 ನಿಮಿಷದ ‘1941’ಕ್ಕೆ ಕತ್ತರಿಸಿದ ದೃಶ್ಯಗಳನ್ನು ಸೇರಿಸಿ 146 ನಿಮಿಷದ ಆವೃತ್ತಿ ಬಂದ ಮೇಲೆ, ಚಿತ್ರಕ್ಕೆ ಅನ್ಯಾಯವಾಗಿತ್ತು ಎಂದು ಪರ ವಹಿಸುವವರೂ ಇದ್ದಾರೆ. ನಟರಿಗೆ ಇನ್ನಷ್ಟು ಜಾಗ ಸಿಕ್ಕಿದೆ ನಿಜ. ಜಾಗದ ಕೊರತೆ ಮಿಫುನೆಗೆ ಮೊದಲೂ ಇರಲಿಲ್ಲ.