ಕನ್ನಡದಲ್ಲಿದ್ದರೆ ಸರ್ಕಾರದ್ದೇ? ಸರ್ಕಾರಿ ವೆಬ್‌ಸೈಟ್‌, ಫಾರ್ವರ್ಡ್ ಮತ್ತು ನಮ್ಮ ಭಾಷೆ

ಯಾದಗಿರಿ ತಾಲ್ಲೂಕಿನ ರಾಮಸಮುದ್ರದಲ್ಲಿರುವ ನಮ್ಮ ಚಿಗವ್ವ ಒಂದು ವಾಟ್ಸ್‌ಆ್ಯಪ್ ಮೆಸೇಜ್ ಕಳಿಸಿದ್ದರು. “ಪಿಎಂ ಕಿಸಾನ್ ಹಣ ನಿಲ್ಲುತ್ತದೆ, ಇವತ್ತೇ ಈ ಲಿಂಕ್ ಒತ್ತಿ ಕೆವೈಸಿ ಮಾಡಿ” ಎಂದು ಅದರಲ್ಲಿತ್ತು. ಹಿಂದೆಯೇ ಫೋನ್ ಬಂತು: “ತಮ್ಮಾ, ಇದು ಖರೇ ಅದನೋ ಸುಳ್ಳೋ ನೋಡು.”

ಸುಳ್ಳು ಎಂದು ಹೇಳಲು ಎರಡು ನಿಮಿಷ ಸಾಕಾಯಿತು. ಆದರೆ ಚಿಗವ್ವ ಕೇಳಿದ ಮುಂದಿನ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ: “ಸುಳ್ಳಿಂದು ಕನ್ನಡದಾಗ ಅದ. ಖರೇದು ಯಾಕ ಇಂಗ್ಲಿಷ್‌ದಾಗ ಇರ್ತದ?”

ಸುಳ್ಳು ಸುದ್ದಿ ಬರೆಯುವವರು ಓದುಗನ ಭಾಷೆಯಲ್ಲಿ, ಸರಳವಾಗಿ, ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ನಿಜವಾದ ಮಾಹಿತಿ ಎಷ್ಟೋ ಸಲ ಇಂಗ್ಲಿಷ್ ಪಿಡಿಎಫ್ ಒಳಗೆ ಕೂತಿರುತ್ತದೆ. ಈ ಖಾಲಿ ಜಾಗದಲ್ಲೇ ಫಾರ್ವರ್ಡ್ ಬೆಳೆಯುತ್ತದೆ. ಇದರ ಸುತ್ತ ಇರುವ ನಾಲ್ಕು ನಂಬಿಕೆಗಳನ್ನು ಪರೀಕ್ಷಿಸೋಣ.

ನಂಬಿಕೆ 1: “ಹಿಂದಿ ರಾಷ್ಟ್ರಭಾಷೆ, ಹಾಗಾಗಿ ಕೇಂದ್ರದ ವೆಬ್‌ಸೈಟ್ ಹಿಂದಿ, ಇಂಗ್ಲಿಷ್‌ನಲ್ಲೇ ಇರಬೇಕು”

ತಪ್ಪು. ನಮ್ಮ ಸಂವಿಧಾನ ಯಾವ ಭಾಷೆಯನ್ನೂ ರಾಷ್ಟ್ರಭಾಷೆ ಎಂದು ಕರೆದಿಲ್ಲ. 343ನೇ ವಿಧಿ ಹಿಂದಿಯನ್ನು ಕೇಂದ್ರದ ಅಧಿಕೃತ ಭಾಷೆ, ಅಂದರೆ ಆಡಳಿತದ ಭಾಷೆ ಎನ್ನುತ್ತದೆ. 1963ರ ಅಧಿಕೃತ ಭಾಷಾ ಕಾಯ್ದೆ ಇಂಗ್ಲಿಷನ್ನೂ ಮುಂದುವರಿಸಿತು. ಅದೇ 1963ರಲ್ಲಿ ನಮ್ಮ ರಾಜ್ಯದ ಕಾಯ್ದೆ ಕನ್ನಡವನ್ನು ರಾಜ್ಯದ ಆಡಳಿತ ಭಾಷೆ ಮಾಡಿತು. ಬೇರೆ ಭಾಷೆಯಲ್ಲಿ ಮಾಹಿತಿ ಕೊಡಬಾರದು ಎಂದು ಇವುಗಳಲ್ಲಿ ಎಲ್ಲೂ ಇಲ್ಲ.

ಮಾಹಿತಿ ಹಕ್ಕು ಕಾಯ್ದೆ 2005ರ 4(4)ನೇ ಕಲಂ ಇನ್ನೂ ಸ್ಪಷ್ಟ: ಮಾಹಿತಿ ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಮಾಹಿತಿ ಹಕ್ಕಿನ ಅರ್ಜಿಯನ್ನೂ ನೀವು ಕನ್ನಡದಲ್ಲೇ ಬರೆಯಬಹುದು.

ನಂಬಿಕೆ 2: “ಭಾಷೆ ಸಣ್ಣ ವಿಷಯ, ಅದರಿಂದ ಏನೂ ನಷ್ಟವಿಲ್ಲ”

2020ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಿಸರ ಪರಿಣಾಮ ಮೌಲ್ಯಮಾಪನದ ಹೊಸ ಕರಡು ನಿಯಮ ಪ್ರಕಟಿಸಿ, ಜನರಿಂದ ಆಕ್ಷೇಪಣೆ ಕೇಳಿತು. ಗಣಿ, ಕಾರ್ಖಾನೆ, ಅಣೆಕಟ್ಟುಗಳಿಗೆ ಅನುಮತಿ ಹೇಗೆ ಸಿಗಬೇಕು ಎಂಬ ವಿಷಯ ಅದು. ಆದರೆ ಕರಡು ಇದ್ದದ್ದು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ. ಓದಲಾಗದವರು ಆಕ್ಷೇಪಣೆ ಬರೆಯುವುದು ಹೇಗೆ?

2020ರ ಜೂನ್ 30ರಂದು ದೆಹಲಿ ಹೈಕೋರ್ಟ್, ಎಂಟನೇ ಪರಿಚ್ಛೇದದ 22 ಭಾಷೆಗಳಿಗೆ ಕರಡನ್ನು ಅನುವಾದಿಸಿ ಪ್ರಕಟಿಸಲು ಹೇಳಿ, ಆಕ್ಷೇಪಣೆಯ ಗಡುವನ್ನು ಆಗಸ್ಟ್ 11ರವರೆಗೆ ವಿಸ್ತರಿಸಿತು. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅಂತಿಮ ಅಧಿಸೂಚನೆಗೆ ಸೆಪ್ಟೆಂಬರ್ 7ರವರೆಗೆ ತಡೆ ಹಾಕಿತು. ಕಾನೂನಿನಂತೆ ಹಿಂದಿ, ಇಂಗ್ಲಿಷ್ ಸಾಕು ಎಂದು ಕೇಂದ್ರ ಸುಪ್ರೀಂ ಕೋರ್ಟ್‌ಗೆ ಹೋಯಿತು. ಅಲ್ಲಿ ನ್ಯಾಯಪೀಠ, ಹಾಗಿದ್ದರೆ ಕಾಯ್ದೆಗೇ ತಿದ್ದುಪಡಿ ತರುವುದನ್ನು ಯೋಚಿಸಿ ಎಂದು ಸಲಹೆ ಕೊಟ್ಟಿತು.

ಕೋವಿಡ್ ಲಸಿಕೆಯ ಕೋವಿನ್ ಪೋರ್ಟಲ್ ನೆನಪಿದೆಯಲ್ಲವೇ? 18ರಿಂದ 44 ವರ್ಷದವರ ನೋಂದಣಿ 2021ರ ಏಪ್ರಿಲ್ 28ಕ್ಕೆ ಶುರುವಾಯಿತು. ಕನ್ನಡ ಸೇರಿದಂತೆ ಬೇರೆ ಭಾಷೆಗಳು ಬಂದದ್ದು ಜೂನ್‌ನಲ್ಲಿ. ಸ್ಲಾಟ್‌ಗಳು ಕ್ಷಣದಲ್ಲಿ ಖಾಲಿಯಾಗುತ್ತಿದ್ದ ಆ ದಿನಗಳಲ್ಲಿ ಇಂಗ್ಲಿಷ್ ಬಾರದವರು ಬೇರೆಯವರ ಕೈಯಲ್ಲಿ ಫೋನ್ ಕೊಟ್ಟು ಕಾಯಬೇಕಾಯಿತು.

ನಂಬಿಕೆ 3: “ಮೊಬೈಲೇ ಅನುವಾದ ಮಾಡುತ್ತದೆ, ಕನ್ನಡ ಪುಟ ಯಾಕೆ ಬೇಕು?”

ಅರ್ಧ ನಿಜ. ಯಂತ್ರಾನುವಾದ ಚೆನ್ನಾಗಿ ಬೆಳೆದಿದೆ. 2022ರಲ್ಲಿ ಕೇಂದ್ರ ಸರ್ಕಾರವೇ ‘ಭಾಷಿಣಿ’ ಎಂಬ ಯೋಜನೆ ಶುರುಮಾಡಿದೆ. ಆದರೆ ಅದನ್ನು ಕಣ್ಣುಮುಚ್ಚಿ ನಂಬಿದರೆ ಏನಾಗುತ್ತದೆ ಎಂಬುದನ್ನು 2025ರ ಜುಲೈನಲ್ಲಿ ಕಂಡೆವು. ನಟಿ ಬಿ. ಸರೋಜಾದೇವಿ ಅವರ ನಿಧನಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಕನ್ನಡ ಸಂತಾಪವನ್ನು ಮೆಟಾ ಕಂಪನಿಯ ಯಂತ್ರಾನುವಾದ ಹೇಗೆ ತಿರುಚಿತೆಂದರೆ, ಮುಖ್ಯಮಂತ್ರಿಯವರೇ ತೀರಿಕೊಂಡರು ಎಂಬ ಅರ್ಥ ಬಂತು. ಕಂಪನಿ ಕ್ಷಮೆ ಕೇಳಿತು. ಇಂಥ ತಪ್ಪು ಬೆಳೆ ವಿಮೆಯ ಕೊನೆಯ ದಿನಾಂಕದಲ್ಲೋ ಔಷಧದ ಪ್ರಮಾಣದಲ್ಲೋ ಆದರೆ ಕ್ಷಮೆಯಿಂದ ಪ್ರಯೋಜನವಿಲ್ಲ.

ಇನ್ನೊಂದು ತೊಡಕು: ಸ್ಕ್ಯಾನ್ ಮಾಡಿದ ಆದೇಶ ಪ್ರತಿ ಒಂದು ಫೋಟೊ ಇದ್ದಂತೆ, ಬ್ರೌಸರ್‌ನ ಅನುವಾದ ಅದನ್ನು ಮುಟ್ಟುವುದಿಲ್ಲ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳದೂ ಇದೇ ಗೋಳು. ಕಣ್ಣಿಗೆ ಕನ್ನಡ ಕಂಡರೂ ಒಳಗಡೆ ಇಂಗ್ಲಿಷ್ ಅಕ್ಷರಗಳ ಸಂಕೇತ ಇರುತ್ತದೆ. ಕಾಪಿ ಮಾಡಿದರೆ ಚಿತ್ರವಿಚಿತ್ರ ಅಕ್ಷರ ಬರುತ್ತದೆ, ಹುಡುಕಿದರೆ ಸಿಗುವುದಿಲ್ಲ. ಯುನಿಕೋಡ್‌ನಲ್ಲಿ ಬರೆದರೆ ಮಾತ್ರ ಕನ್ನಡವನ್ನು ಹುಡುಕಲು, ಓದಿಸಿ ಕೇಳಲು, ಅನುವಾದಿಸಲು ಆಗುತ್ತದೆ.

ನಂಬಿಕೆ 4: “ಕನ್ನಡದಲ್ಲಿದೆ, ಲಾಂಛನ ಇದೆ, ಹಾಗಾಗಿ ಸರ್ಕಾರದ್ದೇ”

ತಪ್ಪು, ಮತ್ತು ಅಪಾಯಕಾರಿ. ಲಾಂಛನವನ್ನು ಯಾರು ಬೇಕಾದರೂ ಅಂಟಿಸಬಹುದು. ನೋಡಬೇಕಾದದ್ದು ವೆಬ್‌ಸೈಟ್ ವಿಳಾಸ. ಮೊದಲ ಒಂಟಿ ಗೆರೆಗಿಂತ ಮುಂಚೆ ಬರುವ ಭಾಗ ‘ಡಾಟ್ ಗವ್ ಡಾಟ್ ಇನ್’ ಅಥವಾ ‘ಡಾಟ್ ಎನ್‌ಐಸಿ ಡಾಟ್ ಇನ್’ ಎಂದು ಮುಗಿಯಬೇಕು. ಈ ವಿಳಾಸಗಳು ಖಾಸಗಿಯವರಿಗೆ ಸಿಗುವುದಿಲ್ಲ. ‘ಗವ್’ ಎಂಬ ಪದ ಮಧ್ಯದಲ್ಲಿದ್ದು, ಕೊನೆಯಲ್ಲಿ ಬೇರೇನೋ ಇದ್ದರೆ ಮೋಸ ಎಂದುಕೊಳ್ಳಿ. ಎಪಿಕೆ ಫೈಲ್ ಬಂದರೆ ಒತ್ತಲೇಬೇಡಿ.

ಹಾಗಾದರೆ ಕನ್ನಡ ಒಂದೇ ಸಾಕೇ?

ಕನ್ನಡದಲ್ಲಿ ಮಾಡಲು ಆಗುವುದಿಲ್ಲ ಎನ್ನುವವರಿಗೆ ನಮ್ಮ ಪಹಣಿಯೇ ಉತ್ತರ. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ಲಕ್ಷಾಂತರ ರೈತರ ಜಮೀನಿನ ದಾಖಲೆಯನ್ನು ಕನ್ನಡದಲ್ಲೇ ಕಂಪ್ಯೂಟರ್‌ಗೆ ತಂದಿತು. ಯಾದಗಿರಿ ಜಿಲ್ಲೆಯ ಅಧಿಕೃತ ವೆಬ್‌ಸೈಟ್ ಕೂಡ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇದೆ.

ಆದರೆ ನಮ್ಮ ಕಡೆ ಮನೆಮಾತು ಒಂದೇ ಅಲ್ಲ. ಒಂದು ಓಣಿಯಲ್ಲಿ ಉರ್ದು, ಗಡಿ ಕಡೆ ತೆಲುಗು, ತಾಂಡಾದಲ್ಲಿ ಲಂಬಾಣಿ. ನಿಜಾಮರ ಕಾಲದಲ್ಲಿ ಇಲ್ಲಿನ ಕಚೇರಿ ಭಾಷೆ ಉರ್ದು ಆಗಿತ್ತು. ಜನರ ಭಾಷೆ ಒಂದು, ಕಚೇರಿ ಭಾಷೆ ಇನ್ನೊಂದು ಆದರೆ ಏನಾಗುತ್ತದೆ ಎಂಬುದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಅದೇ ಕಷ್ಟ ಇವತ್ತು ತಾಂಡಾದ ತಾಯಿಗೆ ಆಗಬಾರದು. ಯಾವುದೇ ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿಯೇ ಹೇಳುತ್ತದೆ.

2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಓದಲು ಬಾರದವರಿಗೆ ಎಷ್ಟು ಲಿಪಿಯಲ್ಲಿ ಬರೆದರೂ ಒಂದೇ. ಅವರಿಗೆ ಕೇಳಿಸುವ ಧ್ವನಿ ಬೇಕು, ತಿಳಿಯುವ ಮಾತು ಬೇಕು. “ಸದರಿ ಫಲಾನುಭವಿಯು ದೃಢೀಕರಿಸತಕ್ಕದ್ದು” ಎಂಬ ಕನ್ನಡ ಚಿಗವ್ವನಿಗೆ ಇಂಗ್ಲಿಷ್‌ನಷ್ಟೇ ದೂರ.

ನೀವು ಏನು ಮಾಡಬಹುದು?

• ಯೋಜನೆಯ ಮೆಸೇಜ್ ಬಂದರೆ ಲಿಂಕ್ ಒತ್ತದೆ, ಇಲಾಖೆಯ ವಿಳಾಸವನ್ನು ನೀವೇ ಟೈಪ್ ಮಾಡಿ ನೋಡಿ.
• ಪುಟದ ಮೇಲ್ಭಾಗದಲ್ಲಿ ‘ಕನ್ನಡ’ ಅಥವಾ ಭಾಷೆಯ ಗುಂಡಿ ಇದೆಯೇ ಹುಡುಕಿ.
• ಅರ್ಥವಾಗದಿದ್ದರೆ ಗ್ರಾಮ ಒನ್ ಅಥವಾ ಗ್ರಾಮ ಪಂಚಾಯಿತಿಯಲ್ಲಿ ಕೇಳಿ.
• ಕನ್ನಡ ಪುಟ ಇಲ್ಲದಿದ್ದರೆ ಇಲಾಖೆಗೆ ಕನ್ನಡದಲ್ಲೇ ಬರೆದು ಕೇಳಿ.
• ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಚಿಗವ್ವನಿಗೆ ನಾನು ಕೊನೆಗೆ ಕಳಿಸಿದ್ದು ಒಂದು ನಿಮಿಷದ ವಾಯ್ಸ್ ಮೆಸೇಜ್, ನಮ್ಮೂರ ಮಾತಿನಲ್ಲಿ. ಅವರು ಅದನ್ನು ತಮ್ಮ ಸಂಘದ ಗ್ರೂಪಿಗೆ ಫಾರ್ವರ್ಡ್ ಮಾಡಿದರು. ಸರ್ಕಾರವೂ ಇಷ್ಟೇ ಸರಳವಾಗಿ ಹೇಳುವ ದಿನ ಬಂದರೆ, ಸುಳ್ಳಿನ ಲಿಂಕ್ ಕಳಿಸುವವರಿಗೆ ಕೆಲಸ ಕಡಿಮೆಯಾಗುತ್ತದೆ.